ಶಾಂತಕ್ಕ ಇಳಿಸಿದ ಹಾಡು

ನಿನ್ನೆ ಉಪ್ಪಿನಕಾಯಿ ಡಬ್ಬಿಯ ಮೇಲೆ ಹೆಸರು ಬರೆಯೋಣವೆಂದು ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಡಬ್ಬಿ ಕೈಯಲ್ಲೇ ಉಳಿಯಿತು, ಮನಸ್ಸು ಹಳೆಯ ಮನೆಯ ಮಹಡಿ ಹತ್ತಿಬಿಟ್ಟಿತು. ನಿಮಗೂ ಹೀಗೆ ಆಗುತ್ತಿರಬೇಕು.

ನಾಗಪುರಕ್ಕೆ ಬಂದ ಹೊಸತರಲ್ಲಿ ಸದರ್ ಬಡಾವಣೆಯಲ್ಲಿ ಬಾಡಿಗೆಗಿದ್ದೆವು. ಮಹಡಿಯ ಮೇಲೆ ಶಾಂತಕ್ಕ, ಅವರ ಅತ್ತೆ. ಶಾಂತಕ್ಕ ಹುಬ್ಬಳ್ಳಿ ಕಡೆಯವರು, ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ನನ್ನದು ಮಣ್ಣು ಪರೀಕ್ಷೆಯ ಉದ್ಯೋಗ. ಆದರೆ ಬೆಂಗಳೂರಿನಿಂದ ಬಂದವನಿಗೆ ಕಂಪ್ಯೂಟರ್ ರಿಪೇರಿ ಹುಟ್ಟಿನಿಂದಲೇ ಬರುತ್ತದೆಂಬುದು ಇಲ್ಲಿನ ಕನ್ನಡಿಗರ ಗಟ್ಟಿ ನಂಬಿಕೆ. ಅದನ್ನು ಕೆಡಿಸಲು ನಾನೂ ಹೋಗಲಿಲ್ಲ. ಶಾಂತಕ್ಕ ಕೊಡುತ್ತಿದ್ದ ಮಂಡಕ್ಕಿ ಗಿರ್ಮಿಟ್ಟು ಅಷ್ಟು ರುಚಿಯಾಗಿರುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಮೇಲಿನಿಂದ ಕೂಗು ಬಂತು: "ಸ್ವಲ್ಪ ಜಲ್ದಿ ಬರ್ರಿ, ಹಾಡು ಸಿಡಿಗೆ ಇಳೀವಲ್ಲವು!"

ಅವು ಬೀಸುಕಲ್ಲಿನ ಮುಂದೆ ಕೂತು ಹೇಳುವ ಬೀಸುವ ಪದಗಳು. ಗದಗಿನ ಹತ್ತಿರದ ಹಳ್ಳಿಯಲ್ಲಿದ್ದ ಅತ್ತೆಯ ತಂಗಿ ಹಾಡಿದ್ದು. ಅಷ್ಟು ದೂರ ಪಯಣಿಸುವ ಶಕ್ತಿ ಅಕ್ಕತಂಗಿಯರಿಬ್ಬರಿಗೂ ಉಳಿದಿರಲಿಲ್ಲ. ತಂಗಿಯ ಮೊಮ್ಮಗಳು ಫೋನಿನಲ್ಲಿ ಹಿಡಿದು ಕಳಿಸಿದ್ದನ್ನು ಶಾಂತಕ್ಕ ಕಂಪ್ಯೂಟರಿಗೆ ಡೌನ್‌ಲೋಡ್ ಮಾಡಿಕೊಂಡಿದ್ದರು.

"ಫೋನಿನಲ್ಲೇ ಹಾಕಿ ಕೇಳಿಸಬಹುದಲ್ಲ?" ಎಂದೆ, ಸುಲಭದ ದಾರಿ ಸಿಕ್ಕ ಖುಷಿಯಲ್ಲಿ.

"ಹಚ್ಚಿ ಕೊಡಾಕ ನಾ ಬೇಕಲ್ರೀ. ಅತ್ತಿಯಾರ ಕಣ್ಣು ಮಂಜಾಗ್ಯಾವ, ಫೋನಿನ ಗಾಜು ಬೆರಳಿಗೆ ತಿಳಿಯಂಗಿಲ್ಲ. ಸಿಡಿ ಮಷೀನಿನ ಗುಂಡಿ ಬರೋಬರ್ ಗೊತ್ತೈತಿ. ತಂಗಿ ಧ್ವನಿ ಕೇಳಾಕ ಅವರು ದಿನಾ ಸೊಸಿನ್ನ ಕೇಳಬೇಕೇನು?"

ಹಿರಿಯರಿಗೆ ಹೊತ್ತಿಗೆ ಸರಿಯಾಗಿ ಊಟ, ಗುಳಿಗೆ ಕೊಡುವವರನ್ನು ಬೇಕಾದಷ್ಟು ಕಂಡಿದ್ದೇನೆ. ಅವರು ಯಾರನ್ನೂ ಕೇಳದೆ ಬದುಕಲಿ ಎಂದು ಇಷ್ಟು ಒದ್ದಾಡುವವರನ್ನು ಕಂಡಿರಲಿಲ್ಲ. ಶಾಂತಕ್ಕನ ಮೇಲೆ ಗೌರವ ಹುಟ್ಟಿದ್ದು ಆ ಗಳಿಗೆಯಲ್ಲಿ, ಅದು ಇವತ್ತಿಗೂ ಕಡಿಮೆಯಾಗಿಲ್ಲ.

ಗೌರವದಿಂದ ಸಿಡಿ ತಯಾರಾಗುವುದಿಲ್ಲವಲ್ಲ. ಮೊದಲು ಹಾಡುಗಳನ್ನು ಇದ್ದಂತೆಯೇ ತುಂಬಿಸಿದೆವು. ಹಳೆಯ ಮಷೀನು ಸಿಡಿಯೇ ಇಲ್ಲವೆಂದು ಹಟ ಹಿಡಿಯಿತು. ಅದಕ್ಕೆ ಒಗ್ಗುವ ಹಾಗೆ ಹಾಡುಗಳ ರೂಪ ಬದಲಿಸಲು ಹೋದರೆ ತಂತ್ರಾಂಶ ಒಂದೊಂದು ಹಾಡಿಗೂ "ತೆರೆಯಲಾಗದು" ಎಂದಿತು. ಡಿಸ್ಕು ಬದಲಿಸಿದೆ, ಕಂಪ್ಯೂಟರ್ ಆರಿಸಿ ಹಚ್ಚಿದೆ, ಗಂಭೀರವಾಗಿ ಗಲ್ಲ ಕೆರೆದುಕೊಂಡೆ. ಬೇರೆ ಯಾವುದೋ ಹಾಡು ಕೊಟ್ಟರೆ ಮರುಮಾತಿಲ್ಲದೆ ಇಳಿಯಿತು. ಹಾಗಾದರೆ ಇವುಗಳಲ್ಲೇ ಏನೋ ಇದೆ. ಇಬ್ಬರೂ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದೆವು.

ಪ್ರತಿ ಹಾಡಿನ ಹೆಸರಿನ ಮುಂದೆಯೂ ಶಾಂತಕ್ಕ ಎರಡು ಗೆರೆಗಳ ನಡುವೆ "ಶ್ರೀ" ಬರೆದಿದ್ದರು. ಪರೀಕ್ಷೆಯ ಹಾಳೆಯಿಂದ ಕಿರಾಣಿ ಚೀಟಿಯವರೆಗೆ ಶ್ರೀಕಾರ ಹಾಕದೆ ಏನನ್ನೂ ಬರೆದ ಕೈಯಲ್ಲ ಅದು. ಹಳೆಯ ತಂತ್ರಾಂಶಕ್ಕೆ ಕನ್ನಡವೂ ಬಾರದು, ಭಕ್ತಿಯೂ ಇಲ್ಲ.

"ಹೆಸರಿನ ಜಾಗದಲ್ಲಿ ಬರೀ ಒಂದು, ಎರಡು ಅಂತ ಇಂಗ್ಲಿಷ್ ಅಂಕಿ ಹಾಕೋಣ," ಎಂದೆ.

"ಶ್ರೀ ತಗೀಬೇಕ?" ಎಂದರು ಶಾಂತಕ್ಕ. ಆಮೇಲೆ ತಾವೇ ಒಂದೊಂದಾಗಿ ಅಳಿಸಿದರು. ಸಿಡಿ ಸಿದ್ಧವಾಗಿ ಹೊರಬಂದದ್ದೇ ಮಾರ್ಕರ್ ತೆಗೆದು ಅದರ ನೆತ್ತಿಯ ಮೇಲೆ ದೊಡ್ಡದಾಗಿ ಶ್ರೀ ಬರೆದು, "ಈಗ ಛಲೋ ಆತು," ಎಂದರು.

ಅತ್ತೆ ಮಷೀನಿನ ಮೇಲೆ ಬೆರಳಾಡಿಸಿ ಗುಂಡಿ ಒತ್ತಿದರು. ತಂಗಿಯ ಒಡಕು ಕಂಠ ಕೋಣೆ ತುಂಬಿತು. ಅವರ ತುಟಿ ಜೊತೆಜೊತೆಗೇ ಅಲುಗುತ್ತಿತ್ತು. ಅರ್ಧ ಹಾಡಿಗೆ ಟಕ್ಕೆಂದು ನಿಂತಿತು.

"ಅಯ್ಯ, ಮತ್ತ ಕೆಟ್ಟಿತೇನ್ರೀ!" ಎಂದು ಶಾಂತಕ್ಕ ಎದ್ದರು. ನಾನೂ ಎದ್ದೆ.

"ಕೆಟ್ಟಿಲ್ಲವ್ವಾ. ನಾನಽ ನಿಂದರಿಸೀನಿ," ಎಂದರು ಅತ್ತೆ. "ಉಳದದ್ದು ನನಗ ಬೇಕಾದಾಗ ಕೇಳ್ತೀನಿ."

ಶಾಂತಕ್ಕನ ಕಣ್ಣು ತುಂಬಿದ್ದು ಆಗಲೇ.

ಈಗ ನನ್ನ ಅಮ್ಮ ನಮ್ಮ ಜೊತೆಗಿದ್ದಾಳೆ. ಇವತ್ತು ಸಂಜೆ ಹೊಸ ಟಿವಿಯ ರಿಮೋಟು ಹಿಡಿದು ತನ್ನ ಧಾರಾವಾಹಿ ಹುಡುಕುತ್ತಿದ್ದಳು. ನನ್ನ ಕೈ ತಾನಾಗಿ ಮುಂದೆ ಹೋಯಿತು, ಹಿಂದಕ್ಕೆಳೆದುಕೊಂಡು ಕುಳಿತೆ. ಮರಾಠಿ ಅಡುಗೆ, ಹಿಂದಿ ಸುದ್ದಿ, ಕ್ರಿಕೆಟ್ಟು ಎಲ್ಲವನ್ನೂ ದಾಟಿ ಕೊನೆಗೂ ಕನ್ನಡ ಬಂತು.

"ನೋಡಿದ್ಯಾ, ನಾನೇ ಹಾಕ್ದೆ!" ಎಂದು ಅಮ್ಮ ನನ್ನತ್ತ ತಿರುಗಿ ನಕ್ಕಳು. ಧಾರಾವಾಹಿ ಆಗಲೇ ಅರ್ಧ ಮುಗಿದಿತ್ತು.