ಸರಪಳಿ ಬುಟ್ಟಿ ಮತ್ತು ನೀಲವ್ವನ ಶಾವಿಗೆ

ಕಳೆದ ವಾರ ನಮ್ಮ ಅಂಗಳದಲ್ಲಿ ಪಂಚಾಯಿತಿ ಸೇರಿತ್ತು. ಆರೋಪಿ ನನ್ನ ಮೊಮ್ಮಗಳು ಪಲ್ಲವಿ. ಅಪರಾಧ: ತಟ್ಟೆ ಎಸೆದು ಪಕ್ಕದ ಮನೆಯ ನೀಲವ್ವನ ಶಾವಿಗೆ ಮುರಿದದ್ದು.

(ಊಟದ ತಟ್ಟೆಯಲ್ಲ, ಮಕ್ಕಳೇ. ಅಷ್ಟು ಸಿಟ್ಟು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಇನ್ನೂ ಬಂದಿಲ್ಲ.)

ಡಿಸ್ಕ್ ಗಾಲ್ಫ್ ಅಂತ ಒಂದು ಆಟ. ಪ್ಲಾಸ್ಟಿಕ್ ತಟ್ಟೆಯನ್ನು ಗಾಳಿಯಲ್ಲಿ ತೇಲಿಸಿ ದೂರದ ಬುಟ್ಟಿಗೆ ಹಾಕಬೇಕು. ಬುಟ್ಟಿಯ ಮೇಲೆ ಸರಪಳಿಗಳು ಇಳಿಬಿದ್ದಿರುತ್ತವೆ. ತಟ್ಟೆ ಅವಕ್ಕೆ ಬಡಿದು ಬುಟ್ಟಿಯೊಳಗೆ ಕೂರಬೇಕು. ಹತ್ತಿರದಿಂದ ಹಾಕುವ ಆ ಕೊನೆಯ ಎಸೆತಕ್ಕೆ ಪಟ್ಟಿಂಗ್ ಎನ್ನುತ್ತಾರಂತೆ. ಪಲ್ಲವಿ ಇದನ್ನು ಧಾರವಾಡದ ಕಾಲೇಜಿನಲ್ಲಿ ಕಲಿತಳು. ದೂರದ ಎಸೆತ ಸೊಗಸು. ಪಟ್ಟಿಂಗ್ ಮಾತ್ರ ಕೈಕೊಡುತ್ತದೆ. ಭಾನುವಾರ ತಂಡದ ಆಯ್ಕೆ. ಅವಳಪ್ಪ, ಅಂದರೆ ನನ್ನ ಮಗ ಬಸವರಾಜ, ಮೊದಲೇ ತೀರ್ಪು ಕೊಟ್ಟಿದ್ದ.

"ಈ ಸಲ ಆರಿಸಲಿಲ್ಲ ಅಂದ್ರ ಆ ತಾಟು ಅಟ್ಟಕ್ಕ ಒಗದು ಬ್ಯಾಂಕ್ ಪರೀಕ್ಷಾಕ್ಕ ಓದಾಕ ಕುಂಡ್ರು. ಆಟ ಸಾಕು."

ರಜೆಗೆ ಬಂದ ಹುಡುಗಿಗೆ ಅಭ್ಯಾಸಕ್ಕೆ ಬುಟ್ಟಿ ಬೇಕು. ಹಾನಗಲ್ಲಿನಲ್ಲಿ ಎಲ್ಲಿಯದು? ಅಜ್ಜಿ, ಮೊಮ್ಮಗಳು ನಾವಿಬ್ಬರೇ ಮಾಡಲು ಕೂತೆವು. ಹಳೇ ಟೈರಿಗೆ ಸಿಮೆಂಟ್ ತುಂಬಿ ನಡುವೆ ಪೈಪು ನಿಲ್ಲಿಸಿದೆವು. ತುದಿಗೆ ಸೈಕಲ್ ರಿಮ್ಮು. ರಿಮ್ಮಿಗೆ ದನ ಕಟ್ಟುವ ಸರಪಳಿಗಳು (ಟ್ರ್ಯಾಕ್ಟರ್ ಬಂದ ಮೇಲೆ ಅವೂ ನಿವೃತ್ತಿಯಲ್ಲಿದ್ದವು). ಕೆಳಗೆ ಸಗಣಿ ಹೊರುತ್ತಿದ್ದ ಬಿದಿರಿನ ಹೆಡಿಗೆ, ತಳಕ್ಕೆ ತೂತು ಕೊರೆದು. ಹೆಡಿಗೆಯನ್ನು ಮೊದಲು ಪೋಣಿಸಿ ಆಮೇಲೆ ರಿಮ್ಮು ಕೂಡಿಸಬೇಕು ಎಂಬ ಜ್ಞಾನೋದಯ ಆದದ್ದು ರಿಮ್ಮು ಕೂಡಿಸಿದ ಮೇಲೆ.

ವೆಲ್ಡಿಂಗ್ ಮಾಡಿದವನು ನಮ್ಮ ಓಣಿಯಲ್ಲಿ ಅಂಗಡಿ ಇಟ್ಟಿರುವ ಸವಣೂರಿನ ಮೌಲಾಸಾಬ್. ಎಲ್ಲವನ್ನೂ ಬಿಚ್ಚಿ ಮತ್ತೆ ಕೂಡಿಸಿದ. ಆದರೆ ಸರಪಳಿಗಳನ್ನು ಕೆಳಗೂ ಎಳೆದು ಬಿಗಿದುಬಿಟ್ಟ. ಪಲ್ಲವಿ ಎಸೆದ ತಟ್ಟೆ ಪುಟಿದು ಅವಳ ಕಾಲಿಗೇ ಬಂತು.

"ಕಾಕಾ, ಸರಪಳಿ ಸಡಿಲ ಇರಬೇಕ್ರಿ. ಅಂದ್ರ ತಾಟು ನಿಂದ್ರತೈತಿ."

"ಸಡಿಲ ಬಿಟ್ರ ಮಂದಿ ಏನಂತಾರವಾ? ಮೌಲಾಸಾಬನ ಕೆಲಸ ಲಟಪಟ ಅಂತಾರ!"

ಅವನ ಹೆಸರು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಸಡಿಲಿಸಿದ. (ಇದನ್ನು ಅವನಿಗೆ ಓದಿ ಹೇಳಬೇಡಿ.)

ಬುಟ್ಟಿ ಅಂಗಳದಲ್ಲಿ ನಿಂತಿತು. ಓಣಿಯ ಮಂದಿಯದೆಲ್ಲ ಒಂದೇ ಪ್ರಶ್ನೆ: "ಇದರಿಂದ ಏನ್ ಉಪಯೋಗ?" ಪಾಪ, ಉತ್ತರವನ್ನೂ ಅವರೇ ಹುಡುಕಿಕೊಂಡರು. ಬಸವರಾಜ ಒದ್ದೆ ಟವೆಲ್ ಹಾಕಿದ. ಯಾರೋ ಪೈಪಿಗೆ ಕರು ಕಟ್ಟಿದರು. ನೀಲವ್ವ ರಿಮ್ಮಿನ ಸುತ್ತ ಹಸಿ ಶಾವಿಗೆಯ ಎಳೆಗಳನ್ನು ಇಳಿಬಿಟ್ಟಳು.

"ಎಷ್ಟ ಚಲೋ ಮಾಡೀರಿ ಅಕ್ಕಾ! ಶಾವಿಗಿ ಒಣಹಾಕಾಕ ಕೋಲು ಹುಡುಕೋದು ತಪ್ಪಿತು ನೋಡ್ರಿ."

ಆಟವೊಂದನ್ನು ಬಿಟ್ಟು ಉಳಿದ ಎಲ್ಲದಕ್ಕೂ ಬುಟ್ಟಿ ಉಪಯೋಗವಾಯಿತು. ಬೇಡ ಅನ್ನಬೇಕಾದವಳು ನಾನು. (ಮಂದಿಯ ಎದುರು ನನಗೆ ಮಾತು ಹೊರಡುವುದಿಲ್ಲ. ಹೊರಟಿದ್ದರೆ ಅಂಕಣ ಯಾಕೆ ಬರೆಯುತ್ತಿದ್ದೆ?) ಪಲ್ಲವಿ ಪಡಸಾಲೆಯಲ್ಲಿ ತಟ್ಟೆ ಹಿಡಿದು ಕೂತಳು. "ಒಂದೀಟ ತಡಿಯವಾ, ಒಣಗಲಿ" ಎನ್ನುತ್ತಿದ್ದಳು ನೀಲವ್ವ. ಒಂದು ಕಂತು ಒಣಗುವಷ್ಟರಲ್ಲಿ ಇನ್ನೊಂದು ಕಂತು ಬರುತ್ತಿತ್ತು.

ಶುಕ್ರವಾರ ಹುಡುಗಿಗೆ ತಡೆಯಲಾಗಲಿಲ್ಲ. ಎಸೆದಳು. ಸರಪಳಿ ಝಲ್ಲೆಂದಿತು, ತಟ್ಟೆ ಹೆಡಿಗೆಯಲ್ಲಿ ಕೂತಿತು. ಜೊತೆಗೆ ಅರ್ಧ ಶಾವಿಗೆಯೂ.

ನೀಲವ್ವ ಬಾಯಿ ಬಡಿದುಕೊಂಡಳು. ಓಣಿ ಸೇರಿತು. ಬಸವರಾಜ ಒಳಗಿನಿಂದ ಇಕ್ಕಳ ತಂದ.

"ಬಿಚ್ಚಿ ಒಗೀತೇನಿ ಇದನ್ನ! ಹೆಣ್ಣುಹುಡುಗಿಗೆ ಯಾಕ ಬೇಕು ಈ ಉಸಾಬರಿ?"

ಪಲ್ಲವಿ ಅಳಲಿಲ್ಲ, ನನ್ನ ಮುಖ ನೋಡಿದಳು. ಅದು ಅಳುವುದಕ್ಕಿಂತ ಕಷ್ಟ. ಹೇಗೋ ಮಾತು ಹೊರಟಿತು.

"ಬಸು, ನೀ ಕ್ರಿಕೆಟ್ ಆಡೂ ಮುಂದ ಇದ ನೀಲವ್ವನ ಮನಿ ಹಂಚು ಒಡದಿದ್ದಿ. ಅವತ್ತ ನಿನ್ನ ಬ್ಯಾಟ್ ಒಲೀಗೆ ಹಾಕಿದ್ವೇನು? ನಿಮ್ಮಪ್ಪ ಹೊಸ ಹಂಚು ಹೊಚ್ಚಿಸಿದ್ರು. ಮಗ ಸಿಕ್ಸರ್ ಹೊಡದ ಅಂತ ಊರೆಲ್ಲಾ ಹೇಳ್ಕೋತ ತಿರುಗಿದ್ರು."

ಬಸವರಾಜ ಇಕ್ಕಳವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಮೊದಲು ನಕ್ಕವಳು ನೀಲವ್ವ.

"ಹೌದ್ ಬಿಡ್ರಿ ಅಕ್ಕಾ. ನನ್ನ ಹಂಚು ಒಡದ್ರೂ ನಾನೂ ಚಪ್ಪಾಳಿ ಹೊಡದಿದ್ದೆ. ಎಂಥಾ ಹುಚ್ಚಿ ನಾನು!"

"ಶಾವಿಗಿ ನಾ ಹೊಸದು ಮಾಡಿಕೊಡ್ತೇನಿ. ಬುಟ್ಟಿ ಮಾತ್ರ ಹುಡುಗೀಗೆ ಬಿಟ್ಟುಕೊಡ್ರಿ" ಎಂದೆ ಎಲ್ಲರಿಗೂ.

ಶನಿವಾರವಿಡೀ ಅಂಗಳದಲ್ಲಿ ಸರಪಳಿಯದೇ ಸದ್ದು. ಭಾನುವಾರ ಪಲ್ಲವಿ ತಂಡಕ್ಕೆ ಆಯ್ಕೆಯಾದಳು. ಅಂದಿನಿಂದ ಬಸವರಾಜನ ಫೋನಿಗೆ ಬಿಡುವಿಲ್ಲ. ಶಿಗ್ಗಾವಿಯ ಬೀಗರಿಗೆ, ಹಿರೇಕೆರೂರಿನ ಸೋದರಮಾವನಿಗೆ ಒಂದೇ ವರದಿ: "ಬುಟ್ಟಿ ನಾನ ಮುಂದ ನಿಂತು ಮಾಡಿಸಿದ್ದು."

ಮಾಡಿಸಿದವನು ಅವನೇ ಇರಲಿ, ಮಕ್ಕಳೇ. ಪಲ್ಲವಿ ಸೋತು ಬಂದಿದ್ದರೆ ಅದು ಯಾರ ಬುಟ್ಟಿಯಾಗುತ್ತಿತ್ತು?