ದಂಡ ಕಟ್ಟಿದ ಮೇಲೆ

ಚಕ್ಕಡಿಗೆ ಬ್ರೇಕ್ ಇರುವುದಿಲ್ಲ. ಆದರೂ ಹಳ್ಳದ ಇಳಿಜಾರು ಬಂದಾಗ ಚನ್ನಪ್ಪನ ಬಲಗಾಲು ಮುಂದಿನ ಹಲಗೆಯನ್ನು ಮೆಲ್ಲಗೆ ಒತ್ತಿತು.

ಕಳೆದ ವಾರ, ದಸರೆಯ ದಿನ, ಮೊರಬದಲ್ಲಿ ಬಸ್ಸಿನಿಂದ ಇಳಿದಾಗ ನನ್ನ ಕಣ್ಣು ಜೀಪನ್ನು ಹುಡುಕಿತು. ಊರಾಚೆಯ ಹೊಲವೊಂದರಲ್ಲಿರುವ ಶಾಸನದ ತಿಥಿ-ವಾರಗಳು ನನಗೆ ಇನ್ನೂ ಹೊಂದಿಕೆಯಾಗಿಲ್ಲ (ನಿವೃತ್ತಿಯಾದರೂ ಈ ಚಟ ಬಿಟ್ಟಿಲ್ಲವೆಂಬುದು ನಿಮಗೆ ಗೊತ್ತೇ ಇದೆ). ನಾನು ಹೋದಾಗಲೆಲ್ಲ ಊರಿನ ಗೌಡರು ತಮ್ಮ ಜೀಪನ್ನೂ ಡ್ರೈವರ್ ಚನ್ನಪ್ಪನನ್ನೂ ಕಳಿಸುವುದು ವಾಡಿಕೆ. ಈ ಸಲ ಚನ್ನಪ್ಪ ಬಂದಿದ್ದ, ಜೀಪು ಬಂದಿರಲಿಲ್ಲ. ಎತ್ತುಗಳ ಹಗ್ಗ ಅವನ ಹೆಂಡತಿ ಶಾಂತವ್ವನ ಕೈಯಲ್ಲಿತ್ತು.

"ನಿನಗ ಎತ್ತು ಹೊಡೀಲಿಕ್ಕೆ ಬರೂದಿಲ್ಲೇನೋ?" ಎಂದೆ.

"ಅವರ ಕೈಯಾಗ ಕೊಟ್ರ ಹಾರ್ನ್ ಹುಡುಕ್ತಾರ್ರಿ" ಎಂದಳು ಶಾಂತವ್ವ.

ಚನ್ನಪ್ಪ ನಗಲಿಲ್ಲ. ಚಕ್ಕಡಿ ತನ್ನಷ್ಟಕ್ಕೆ ತೂಗುತ್ತ ಸಾಗಿತು. ಎರಡೂ ಕಡೆ ಎರೆಭೂಮಿ, ಆಗಷ್ಟೇ ತಲೆಯೆತ್ತಿದ ಜೋಳದ ಪೈರು, ಅದರಾಚೆ ಹತ್ತಿಯ ಹಳದಿ ಹೂವು. ಬಿಸಿಲು ಎಷ್ಟು ಮೃದುವಾಗಿತ್ತೆಂದರೆ ಶತಮಾನಗಳೆಲ್ಲ ಒಂದರೊಳಗೊಂದು ಕರಗಿ, ಶಾಸನ ಬರೆಸಿದವರೂ ಇದೇ ದಾರಿಯಲ್ಲಿ ಇದೇ ವೇಗದಲ್ಲಿ ಹೋಗಿರಬೇಕೆಂದು ಅರೆನಿದ್ದೆಯಲ್ಲಿ ಅನ್ನಿಸಿತು. ಜೀಪಿನಲ್ಲಿ ನನಗೆ ಹೀಗೆಂದೂ ಅನ್ನಿಸಿರಲಿಲ್ಲ. ಇದರ ಬೆಲೆಯನ್ನು ಬೇರೊಬ್ಬರು ತೆತ್ತಿದ್ದಾರೆಂಬುದು ಆಗ ನನಗೆ ತಿಳಿದಿರಲಿಲ್ಲ.

ನಡೆದದ್ದು ಇಷ್ಟು. ಹೋದ ವರ್ಷ ಗೌಡರ ಮನೆಯ ಮದುವೆಗೆಂದು ಚನ್ನಪ್ಪ ಜೀಪಿನಲ್ಲಿ ಹೆಣ್ಣುಮಕ್ಕಳನ್ನು ಅಣ್ಣಿಗೇರಿಗೆ ಕರೆದೊಯ್ದಿದ್ದ. ಅಮಾವಾಸ್ಯೆಯ ದಿನವೆಂದು ಅವನೆಂದ. ಅಮಾವಾಸ್ಯೆಗೆ ಯಾರಾದರೂ ಮದುವೆ ಇಟ್ಟುಕೊಳ್ಳುತ್ತಾರೆಯೇ? ಬಸವ ಜಯಂತಿಯ ಮರುದಿನವೆಂದು ಶಾಂತವ್ವ ತಿದ್ದಿದಳು; ಪಂಚಾಂಗ ಅವಳ ಪರವಾಗಿದೆ.

ಬೀಗರ ಕಡೆಯವರು ಡ್ರೈವರನಿಗೂ ರುಮಾಲು ಸುತ್ತಿ ಆಹೇರಿಯ ಮರ್ಯಾದೆ ಮಾಡಿದರು. ಆಮೇಲೆ ಹಿತ್ತಲಿಗೆ ಕರೆದು ಸ್ಟೀಲಿನ ಲೋಟವೊಂದನ್ನು ಕೈಗಿಟ್ಟರು. ಬೇಡವೆಂದರೆ ಬೀಗರಿಗೆ ಅವಮಾನ. ಒಂದೇ ಸಾಕೆಂದರೆ ಇನ್ನೂ ದೊಡ್ಡ ಅವಮಾನ. ತಿರುಗಿ ಬರುವಾಗ ಜೀಪು ಸಿಡಿಯ ಕಟ್ಟೆಗೆ, ಅಂದರೆ ರಸ್ತೆಯ ಸಣ್ಣ ಸೇತುವೆಯ ಕಟ್ಟೆಗೆ, ಒರಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಒಳಗೆ ಗೌಡರ ಸೊಸೆ ಇದ್ದಳು. ಹಿಂದೆಯೇ ಪೊಲೀಸರು ಬಂದರು. ಸರಕಾರಿ ಡಾಕ್ಟರು ಬಾಯಿ ಮೂಸಿ, ನೆಟ್ಟಗೆ ನಡೆಸಿ ನೋಡಿ, ಸರ್ಟಿಫಿಕೇಟು ಬರೆದರು.

"ದಂಡ ಬಾಳ ಆತೇನು?"

"ದಂಡದ್ದೇನ್ರೀ ಸರ, ಒಂದು ತಿಂಗಳ ಪಗಾರದಾಗ ಮುಗೀತು" ಎಂದ ಚನ್ನಪ್ಪ. "ಜಾಮೀನು ಕಾಕಾಂದ ಮುಗೀಲಿಲ್ಲ."

ಜಾಮೀನು ಕಾಕಾ ಅಂದರೆ ಚನ್ನಪ್ಪನ ದೂರದ ಕಾಕಾ. ಹೊಲವಿದ್ದವರು ಜಾಮೀನಿಗೆ ಬೇಕು, ಇವರಿಗೆ ಹೊಲವಿತ್ತು. ಕೋರ್ಟಿನ ಪ್ರತಿ ತಾರೀಖಿಗೂ ಅವರು ಇಸ್ತ್ರಿಯ ಅಂಗಿ ತೊಟ್ಟು ತಪ್ಪದೆ ಬಂದರು. ಅವರ ಬಸ್ ಚಾರ್ಜು, ಖಾನಾವಳಿಯ ಊಟ, ಊಟದ ಮೇಲೆ ಜಿಲೇಬಿ.

"ಬರಬ್ಯಾಡ್ರಿ ಅಂದ್ರೂ ಬರ್ತಿದ್ರು" ಎಂದಳು ಶಾಂತವ್ವ. "ನಿನ್ನ ಗಂಡ ಓಡಿ ಹೋದ್ರ ನನ್ನ ಹೊಲ ಹೋಗ್ತದವಾ ಅಂತಿದ್ರು. ಜಿಲೇಬಿ ತಿನ್ನಕೋತ."

ಸಾಕ್ಷಿ ಬಂದ ದಿನ ಜಡ್ಜ್ ಸಾಹೇಬರು ರಜೆ, ಸಾಹೇಬರಿದ್ದ ದಿನ ಸಾಕ್ಷಿಗೆ ಜ್ವರ. ಕೊನೆಗೆ ವಕೀಲರು ಹೇಳಿದರಂತೆ: "ಒಪ್ಪಿಕೊಂಡ್ರ ಇವತ್ತ ಮುಗೀತದ, ನನ್ನ ಫೀಜಿಗಿಂತ ದಂಡ ಸಸ್ತಾ." ಚನ್ನಪ್ಪ ಕೈಮುಗಿದು ಒಪ್ಪಿಕೊಂಡ. ಸಸ್ತಾ ಎಂಬ ಮಾತು ಯಾರನ್ನು ತಾನೇ ಮರುಳು ಮಾಡಿಲ್ಲ?

ದಂಡದ ಜೊತೆಗೆ ಆರು ತಿಂಗಳು ಲೈಸೆನ್ಸ್ ಹೋಯಿತು. ಪಗಾರ ನಿಂತಿತು. ಮುರಿದ ಹೆಡ್‌ಲೈಟಿನದೂ ಗೀರುಬಿದ್ದ ಮಡ್‌ಗಾರ್ಡಿನದೂ ಖರ್ಚನ್ನು ಗೌಡರು ಅವನ ಹಿಂದಿನ ಪಗಾರದ ಬಾಕಿಯಲ್ಲಿ ಮುರಿದುಕೊಂಡರು. ಶಾಂತವ್ವ ಕೊರಳ ಬೋರಮಾಳ ಮಾರಿ, ಹತ್ತಿ ಹೊಲಗಳಿಗೆ ಕಳೆ ತೆಗೆಯುವ ಕೂಲಿಗೆ ಹೋದಳು. ಮೊನ್ನೆ ಲೈಸೆನ್ಸ್ ಕೈಗೆ ಬಂದೊಡನೆ ಚನ್ನಪ್ಪ ಹುಬ್ಬಳ್ಳಿಯ ಲಾರಿ ಮಾಲಕರನ್ನು ಕಂಡುಬಂದ.

"ಶಿಕ್ಷಾ ಆಗಿದ್ದು ಅದರ ಮ್ಯಾಲೆ ಬರದಾರ್ರಿ. ನೋಡತಾರ, ಚಾ ಕುಡಸತಾರ, ಹೊಳ್ಳಿ ಕೊಡತಾರ."

ಹಾಗಾಗಿ ಉಳಿದದ್ದು ಗೌಡರ ಜೀಪು ಒಂದೇ. ಅದನ್ನೀಗ ತಿರ್ಲಾಪುರದವನೊಬ್ಬ ಹೊಡೆಯುತ್ತಿದ್ದಾನೆ. ಹಬ್ಬಕ್ಕೆಂದು ಅವನು ಊರಿಗೆ ಹೋಗಿದ್ದ.

"ಸಂಜೀಕೆ ಗೌಡ್ರಿಗೆ ಬನ್ನಿ ಕೊಟ್ಟು ಕೇಳತೀನ್ರಿ" ಎಂದ ಚನ್ನಪ್ಪ. "ನೀವೂ ಬರ್ರಿ. ನಿಮ್ಮ ಮುಂದ ಇಲ್ಲನ್ನಲಿಕ್ಕಿಲ್ಲ."

ನಮ್ಮ ಕಡೆಯ ಬನ್ನಿಯ ಸಂಜೆಯನ್ನು ನಿಮಗೆ ಬಣ್ಣಿಸಬೇಕೇ? ಎಳೆ ಬನ್ನಿಯೆಲೆಗಳನ್ನು ಬಂಗಾರವೆಂದು ಒಬ್ಬರ ಅಂಗೈಯಲ್ಲಿ ಇನ್ನೊಬ್ಬರಿಡುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಅಪ್ಪಿಕೊಳ್ಳುತ್ತಾರೆ. ಮುಳುಗುವ ಸೂರ್ಯನ ಬೆಳಕು ಓಣಿಯ ಧೂಳಿನಲ್ಲಿ ತೇಲುತ್ತಿತ್ತು. ಹೊಸ ಅಂಗಿಯ ಜನ ಅದರೊಳಗಿಂದ ಮೂಡಿ ಅದರೊಳಗೇ ಮರೆಯಾಗುತ್ತಿದ್ದರು. ಗೌಡರ ಅಂಗಳದಲ್ಲಿ ಜೀಪಿಗೆ ಚೆಂಡುಹೂವಿನ ಮಾಲೆ. (ನಮ್ಮ ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದರೂ ಆ ಜೀಪಿನ ನಂಬರ್ ಪ್ಲೇಟಿನಲ್ಲಿ ಇನ್ನೂ ಮೈಸೂರಿನ ಅಕ್ಷರಗಳೇ.)

ಚನ್ನಪ್ಪ ಬಗ್ಗಿ ಬನ್ನಿ ಕೊಟ್ಟ. ಗೌಡರು ಅದನ್ನು ಕಣ್ಣಿಗೊತ್ತಿಕೊಂಡು ಅವನನ್ನು ಎತ್ತಿ ಅಪ್ಪಿಕೊಂಡರು. "ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲೋ ತಮ್ಮಾ" ಎಂದರು. ಅದು ಸುಳ್ಳಾಗಿರಲಿಲ್ಲ.

"ಹಂಗಾದ್ರ ನಾಳಿಂದ ಜೀಪಿಗೆ ಬರಲೇನ್ರೀ?"

ಗೌಡರು ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಸರ, ನನ್ನ ಸೊಸಿ ಈಗ ಎರಡು ಜೀವದಾಕಿ. ನಾಳೆ ಹುಬ್ಬಳ್ಳಿ ದವಾಖಾನಿಗೆ ಹೋಗಬೇಕು. ಇವನ ಕೈಯಾಗ ಕಳಸ್ತೀನಿ ಅಂದ್ರ, ಹೊಣಿ ನೀವು ಆಗ್ತೀರೇನು?"

ಆಧಾರವಿಲ್ಲದೆ ಏನನ್ನೂ ಒಪ್ಪದ ನಾಲಿಗೆ ನನ್ನದು. ಅದು ಒಂದು ಕ್ಷಣ ತಡೆಯಿತು. ಆ ಒಂದು ಕ್ಷಣವನ್ನು ಚನ್ನಪ್ಪ ನೋಡಿದ.

ಬಾಗಿಲ ಬಳಿ ನಿಂತಿದ್ದ ಶಾಂತವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಸರನ್ನ ಯಾಕ ಕೇಳ್ತೀರಿ ಗೌಡ್ರ. ಹಿಂದಿನ ಸೀಟಿನ್ಯಾಗ ನಾನ ಕೂಡ್ತೀನಿ. ನನ್ನ ಜೀವಾ ಅದರಾಗ ಇಟ್ಟು ಕುಂತಮ್ಯಾಲೆ ಮತ್ತ್ಯಾರು ಹೊಣಿ ಬೇಕು?"

ಗೌಡರು ಅವಳ ಕಡೆ ತಿರುಗಿದರು. "ದಿನಾ ಕೂಡ್ತೀಯೇನು?"

"ದಿನಾ ಕೂಡ್ತೀನಿ."

ಗೌಡರು ಜೇಬಿನಿಂದ ಕೀಲಿಕೈ ತೆಗೆದು ಅವಳ ಕೈಗಿಟ್ಟರು. ಅವಳು ಅದನ್ನು ಗಂಡನ ಕೈಗೆ ದಾಟಿಸಿದಳು.

ಮರುದಿನ ಅದೇ ಜೀಪಿನಲ್ಲಿ ನಾನೂ ಹುಬ್ಬಳ್ಳಿಗೆ ಬಂದೆ. ಚನ್ನಪ್ಪ ಮೊಸರಿನ ಗಡಿಗೆ ಹೊತ್ತವನ ಹಾಗೆ ನಡೆಸಿದ. ಗೌಡರ ಸೊಸೆ ಒರಗಿ ನಿದ್ದೆ ಹೋದಳು. ಅವಳ ಪಕ್ಕದಲ್ಲಿ ಶಾಂತವ್ವ ನೆಟ್ಟಗೆ ಕೂತಿದ್ದಳು. ಹುಬ್ಬಳ್ಳಿಯಲ್ಲಿ ಅವಳಿಗೆ ಯಾವ ಕೆಲಸವೂ ಇರಲಿಲ್ಲ. ಹಿಂದೆ ಸರಿಯುತ್ತಿದ್ದ ಹತ್ತಿ ಹೊಲಗಳಲ್ಲಿ ಬಗ್ಗಿದ್ದ ಹೆಂಗಸರನ್ನು ಅವಳು, ಬಹು ದೂರದ ಏನನ್ನೋ ನೋಡುವಂತೆ, ನೋಡುತ್ತಿದ್ದಳು.

"ಇವತ್ತಿನ ಕೂಲಿ ಹೋತಲ್ಲವಾ" ಎಂದೆ.

"ಹೋತ್ರಿ. ನಾಳಿಂದೂ ಹೋಗ್ತದ."

"ಎಷ್ಟು ದಿವಸ ಹಿಂಗ?"

"ಅದನ್ನ ಗೌಡ್ರು ಹೇಳಲಿಲ್ರಿ. ನಾನೂ ಕೇಳಲಿಲ್ಲ."

ಕುಡಿದು ನಡೆಸಿದವನಿಗೆ ಕೋರ್ಟು ಆರು ತಿಂಗಳೆಂದು ಬರೆದುಕೊಟ್ಟಿತು; ಅವನ ಹಿಂದಿನ ಸೀಟಿನಲ್ಲಿ ಕೂತವಳಿಗೆ ಎಷ್ಟು ತಿಂಗಳು?