ಸರ್ವರ್ ಬಂದ

‘ಬಂದ್’ ಎನ್ನುವ ಶಬ್ದ ನಮ್ಮ ಮನೆಯವರ ಬಾಯಲ್ಲಿ ಯಾವತ್ತೂ ನೆಟ್ಟಗೆ ನಿಂತದ್ದಿಲ್ಲ. ಆಯಿಯ, ಎಂದರೆ ಅಮ್ಮನ, ತವರು ಅಂಕೋಲೆ, ಅಣ್ಣ ಮತ್ತು ನಾನು ಬೆಳೆದದ್ದು ದೇವಬಾಗದ ಕೊಂಕಣಿಯ ನಡುವೆ. ಶಬ್ದದ ಕೊನೆಗೆ ಸಣ್ಣದೊಂದು ‘ಅ’ ಅಂಟಿಕೊಂಡೇ ಬರುತ್ತದೆ. ಅಂಗಡಿ ಬಂದ, ಬಸ್ಸು ಬಂದ. ಕಾರವಾರದ ಕಾಲೇಜಿನಲ್ಲಿ ಗೆಳತಿಯರು, “ನಿಮ್ಮೂರಲ್ಲಿ ಬಸ್ಸೂ ಗಂಡಸೇನೇ?” ಎಂದು ಕಾಡುತ್ತಿದ್ದರು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಜಗಳವಾಡಿದೆನೇ ಹೊರತು ನಾಲಗೆ ತಿದ್ದಿಕೊಳ್ಳಲಿಲ್ಲ.

ಅಣ್ಣ ಕಡಲಿಗೆ ಹೋಗುವಾಗ ಉಪ್ಪುನೀರು ತಾಗೀತೆಂದು ಒಳ್ಳೆಯ ಫೋನನ್ನು ಮನೆಯಲ್ಲೇ ಬಿಟ್ಟು, ಅದರ ಸಿಮ್ಮನ್ನು ಹಳೆಯದೊಂದಕ್ಕೆ ಹಾಕಿ ಒಯ್ಯುತ್ತಿದ್ದ. ಹೋಗುವ ಮೊದಲು ಒಳ್ಳೆಯ ಫೋನಿಗೆ ಮನೆಯ ವೈಫೈ ಕೊಟ್ಟು, ಅದರಲ್ಲಿ ನಾವಿಬ್ಬರೂ ಆಡುತ್ತಿದ್ದ ಆನ್‌ಲೈನ್ ಆಟ ಹಚ್ಚಿಡುತ್ತಿದ್ದ. ಆಟದೊಳಗೆ ದೋಣಿ ಕಟ್ಟುವ ಮರದ ಧಕ್ಕೆಯೊಂದು. ಅಲ್ಲಿ ತನ್ನ ಗೊಂಬೆಯ ಕೈಗೆ ಗಾಳ ಕೊಟ್ಟು ನಿಲ್ಲಿಸಿದರೆ ಅದು ತನ್ನಷ್ಟಕ್ಕೆ ಮೀನು ಹಿಡಿಯುತ್ತಿರುತ್ತದೆ. “ನಾ ಅಲ್ಲಿ ಹಿಡೀತೆ, ಇಂವ ಇಲ್ಲಿ ಹಿಡೀಲಿ” ಎಂದು ನಗುತ್ತಿದ್ದ. ಒಂದು ದಿನ ಕಾಳಿ ನದಿ ಕಡಲು ಸೇರುವ ಅಳಿವೆಯಲ್ಲಿ ಅವನ ದೋಣಿ ಮಗುಚಿತು. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಮನೆಗೆ ಬಂದು ನೋಡಿದರೆ ಫೋನಿನಲ್ಲಿ ಅವನ ಕೆಂಪು ಟೊಪ್ಪಿಯ ಗೊಂಬೆ ಇನ್ನೂ ಗಾಳ ಎಸೆಯುತ್ತಿತ್ತು.

ಆಯಿ ಆ ಫೋನನ್ನು ಚಾರ್ಜರಿನಿಂದ ಬಿಡಿಸಲೇ ಇಲ್ಲ. ಹೊರಬಾಗಿಲನ್ನೂ ಹಾಕಲಿಲ್ಲ. ಕಡಲಿಗೆ ಹೋದವನು ಮರಳುವ ತನಕ ಬಾಗಿಲು ಹಾಕಬಾರದು ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳಂತೆ. ಮಳೆಗಾಲದ ಎರಚಲು ಒಳಗೆ ಬಂತು, ಬೀದಿನಾಯಿ ಒಳಗೆ ಮಲಗಿತು, ಬಾಗಿಲು ತೆರೆದೇ ಇತ್ತು. ಪರದೆಯಲ್ಲಿ ಅಣ್ಣನ ಹೆಸರಿನ ಪಕ್ಕ ಹಸಿರು ಚುಕ್ಕೆ ಉರಿಯುತ್ತಿತ್ತು. ಆಯಿ ಅಕ್ಕಿ ಆರಿಸುತ್ತ ಅದರೊಡನೆ ಮಾತಾಡುವಳು. ನಾನು ನನ್ನ ಫೋನಿನಿಂದ ಆ ಧಕ್ಕೆಗೆ ಹೋಗಿ ಅವನ ಪಕ್ಕ ನಿಲ್ಲುವೆ. ದಾಟಿಹೋಗುವ ಆಟಗಾರರು, ‘ಇವನು ಮನೆಗೇ ಹೋಗಲ್ವಾ?’ ಎಂದು ಬರೆದು ನಗುವರು. ಆ ಸಾಲು ಓದಲಾಗುತ್ತಿರಲಿಲ್ಲ. ಹಾಗಂತ ಬಿಟ್ಟುಬರಲೂ ಆಗುತ್ತಿರಲಿಲ್ಲ.

ಆಗ ಆಟದವರಿಂದ ಸೂಚನೆ ಬಂತು. ಸರ್ವರಿಗೆ ದೊಡ್ಡ ರಿಪೇರಿಯಂತೆ, ಎಲ್ಲರೂ ಹೊರಬೀಳುತ್ತಾರಂತೆ, ಮತ್ತೆ ಪಾಸ್‌ವರ್ಡ್ ಹಾಕಿಯೇ ಒಳಬರಬೇಕಂತೆ. ಅಣ್ಣನ ಪಾಸ್‌ವರ್ಡ್ ಅಣ್ಣನಿಗೆ ಮಾತ್ರ ಗೊತ್ತು. ಹೊಸದು ಕೇಳೋಣವೆಂದರೆ ಸಂದೇಶ ಬರುವ ಸಿಮ್ಮು ಅವನೊಡನೆ ನೀರಿಗೆ ಹೋಗಿತ್ತು. ಇಂಥ ರಿಪೇರಿ ಬಂದಾಗಲೆಲ್ಲ ಆಟಗಾರರ ಗಲಾಟೆ ಕೇಳಬೇಕೆ? ಹೇಳಿದ ಹೊತ್ತಿಗೆ ತೆರೆಯದಿದ್ದರೆ ಬೈಗುಳ, ಕಾದದ್ದಕ್ಕೆ ಉಡುಗೊರೆ ಬೇಕೆಂದು ಹಟ. ಮಳೆಗಾಲಕ್ಕೆ ಮೀನುಗಾರಿಕೆ ನಿಂತರೆ ಬಲೆ ಹೊಲಿಯುತ್ತ ಸುಮ್ಮನೆ ಕಾಯುವ ಗಂಡಸರನ್ನು ನೋಡಿ ಬೆಳೆದವಳು ನಾನು, ಇವರ ಗೋಳು ಕಂಡರೆ ನಗುತ್ತಿದ್ದೆ. ಈ ಸಲ ನಗು ಬರಲಿಲ್ಲ. ಆಯಿಗೆ ಹೇಳುವ ಧೈರ್ಯವೂ ಬರಲಿಲ್ಲ.

ರಿಪೇರಿಯ ದಿನ ಮಧ್ಯಾಹ್ನ ಗೊಂಬೆ ಗಾಳ ಎತ್ತಿತು, ಮತ್ತೆ ಎಸೆಯಲಿಲ್ಲ. ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಆಮೇಲೆ ಪರದೆ ಕಪ್ಪಾಯಿತು. ನಾನು ಅಯ್ಯೋ ಎಂದದ್ದು ಒಳಗೆ ಕೇಳಿಸಿತೇನೋ.

“ಎಂತಾ ಆಯ್ತೇ?” ಅಡಿಗೆಮನೆಯಿಂದ ಆಯಿ ಕೂಗಿದಳು.

ಸರ್ವರ್ ಎನ್ನುವುದು ಗಂಟಲಲ್ಲೇ ಉಳಿಯಿತು. ಮುಂದಿನ ಶಬ್ದವೊಂದೇ ಹೊರಬಿತ್ತು. “ಬಂದ” ಎಂದೆ.

“ಬಂದ್ನಾ?”

ಒದ್ದೆ ಕೈಯಲ್ಲೇ ಓಡಿಬಂದವಳು ಫೋನಿನ ಮೇಲೆ ಬಾಗಿದಳು. ಕಪ್ಪು ಗಾಜಿನಲ್ಲಿ ಅವಳದೇ ಮುಖ ಕಾಣುತ್ತಿತ್ತು. ಅಣ್ಣನದು ಥೇಟ್ ಆಯಿಯ ಮುಖ. ಅವಳು ರೆಪ್ಪೆ ಬಡಿಯದೆ ನೋಡಿದಳು. “ಎಷ್ಟ್ ಸೊರಗಿದ್ನೇ, ನೋಡು” ಎಂದಳು.

ಅಲ್ಲ ಆಯಿ, ನಾನು ಹೇಳಿದ್ದು ಬೇರೆ ಎಂದು ತಿದ್ದಲು ಹೊರಟೆ. ಎಷ್ಟು ಒತ್ತಿ ಹೇಳಿದರೂ ಬಾಯಿಂದ ಬಂದದ್ದು ‘ಬಂದ’ ಎಂದೇ.

“ಹೌದೇ, ಬಂದ. ಕೇಳ್ತು ನಂಗೆ. ಇನ್ನು ಇದ್ಕೆ ಕರೆಂಟ್ ಯಂತಕ್ಕೆ?” ಎಂದು ಚಾರ್ಜರ್ ಕಿತ್ತಿಟ್ಟಳು.

ಸಂಜೆ ಸರ್ವರ್ ತೆರೆಯಿತು. ತಡವಾದದ್ದಕ್ಕೆ ಎಲ್ಲರಿಗೂ ಉಡುಗೊರೆ ಬಂದಿತ್ತು, ನನಗೂ. ಧಕ್ಕೆಯ ಮೇಲೆ ಯಾರೂ ಇರಲಿಲ್ಲ. ಅಣ್ಣ ಎರಡನೇ ಸಲ ಹೋದ ಎಂದು ಕೂತಲ್ಲೇ ಅತ್ತೆ.

ಅಷ್ಟರಲ್ಲಿ ಆಯಿ ಹೊರಬಾಗಿಲು ಹಾಕುತ್ತಿದ್ದಳು. ಮಳೆಗೆ ಊದಿದ ಹಲಗೆ ಜಗ್ಗದೆ, ಭುಜ ಕೊಟ್ಟು ನೂಕಿ ಅಗಳಿ ಹಾಕಿದಳು. ಅಷ್ಟು ಕಾಲ ಮನೆಯೊಳಗೆ ತುಂಬಿದ್ದ ಕಡಲಿನ ಸದ್ದು ಒಮ್ಮೆಲೇ ನಿಂತಿತು. ಅವಳು ಮೂರು ತಟ್ಟೆ ಇಟ್ಟು, ಮೂರಕ್ಕೂ ಅನ್ನ, ಬಂಗಡೆ ಸಾರು ಬಡಿಸಿದಳು. ನಾನು ನನ್ನ ತಟ್ಟೆಯ ಮುಂದೆ ಕೂತೆ.

“ಸ್ವಲ್ಪ ಆಚೆ ಸರಿಯೇ” ಎಂದಳು. “ಅಂವಂಗೆ ಜಾಗ ಬೇಡ್ವಾ?”

ನನಗೆ ಹೆದರಿಕೆಯಾಯಿತು. ಸರಿದು ಕೂತೆ.